ಹೊಂಗೆದಿಣ್ಣೆಗೊಂದು ಕ್ಯಾಪಿಟಲ್ ಅಕ್ಷರ

ಸೀಗೆಪಾಳ್ಯ, ಅಮೃತೂರು ಹೋಬಳಿ
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆ ಮಹಡಿ ಮೇಲಿರುವುದೇ ನನಗೊಂದು ಯೋಚನೆ. ಬಾಣಂತಿ ಬಟ್ಟೆ, ಮಗುವಿನ ಬಟ್ಟೆ ಎಂದು ದಿನವಿಡೀ ಮೆಟ್ಟಿಲು ಹತ್ತಿ ಇಳಿಯಬೇಡ. ಭಾವನಿಗೆ ಹೇಳು, ಒಂದು ಬಕೆಟ್ ಎತ್ತಿಕೊಂಡು ಹೋದರೆ ಅವರ ಮರ್ಯಾದೆಯೇನೂ ಹೋಗುವುದಿಲ್ಲ. ಅಕ್ಕನಿಗೆ ಹಾಲು ಸಾಲುತ್ತಿಲ್ಲ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಂದು ನಿನಗೆ ನಾನು ಹೇಳಿಕೊಡುವುದೇನಿದೆ. ಮಗುವಿನ ಫೋಟೋ ನೋಡಿದೆ, ಮೂಗು ನಿನ್ನದೇ. ಅದೊಂದನ್ನು ನೋಡಿಕೊಂಡು ಈ ವಾರ ಕಳೆದಿದ್ದೇನೆ ಅಂದರೂ ಸರಿಯೇ.

ಫೋನ್ ಇದ್ದೂ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಗಾಬರಿಯಾಗಬಹುದು. ಗಾಬರಿಪಡುವಂಥದ್ದು ಯಾರ ಮೈಗೂ ಆಗಿಲ್ಲ. ಅಪ್ಪ ಚೆನ್ನಾಗಿದ್ದಾರೆ, ಬಿಪಿ ಮಾತ್ರೆ ತಪ್ಪಿಸಿಲ್ಲ. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನಿನಗೆ ಕೇಳಿಸಲಿ ಎಂದು ಅಕ್ಕ ಸ್ಪೀಕರ್ ಹಾಕುತ್ತಾಳೆ, ಪಕ್ಕದಲ್ಲಿ ಅವಳ ಅತ್ತೆ ಕೂತಿರುತ್ತಾರೆ. ಅವರ ಮುಂದೆ ನಮ್ಮ ಮನೆಯ ಸಂಗತಿ ಹೇಗೆ ಹೇಳಲಿ? ‘ಎಲ್ಲಾ ಚೆನ್ನಾಗಿದೀವಿ’ ಅಂದು ಇಟ್ಟುಬಿಡುತ್ತೇನೆ. ಚೆನ್ನಾಗಿಲ್ಲ ಅಮ್ಮಾ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಬಡಿಸಿದರೆ ಉಣ್ಣುವುದಿಲ್ಲ, ಅಮೃತೂರಿನ ಹೋಟೆಲಿನಲ್ಲಿ ತಿಂದು ಬರುತ್ತಾರೆ. ಇದೆಲ್ಲ ಶುರುವಾದದ್ದು ನಾನು ಸ್ಕೂಲಿನಲ್ಲಿ ಮಾಡಿದ ಒಂದು ಇಂಗ್ಲಿಷ್ ಪಾಠದಿಂದ. ಬೇರೆಯವರ ಬಾಯಲ್ಲಿ ನಿನಗೆ ಅಡ್ಡಾದಿಡ್ಡಿಯಾಗಿ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ.

ಜುಲೈನಲ್ಲಿ ಎಂಟನೇ ಕ್ಲಾಸಿಗೆ ನಾಮಪದ ಮಾಡುತ್ತಿದ್ದೆ. ರೂಢನಾಮ, ಅಂಕಿತನಾಮ ಎಂದು ನೀನೂ ಓದಿದ್ದೀಯಲ್ಲ, ಅದೇ. ನಮ್ಮ ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ಅಕ್ಷರದಲ್ಲಿ ಭೇದವಿಲ್ಲ. ಇಂಗ್ಲಿಷಿನಲ್ಲಿ ಇದೆ. ನದಿ ಎಂದು ಬರೆದರೆ ಚಿಕ್ಕ ಅಕ್ಷರ, ಶಿಂಷಾ ಎಂದು ಬರೆದರೆ ಮೊದಲನೆಯದು ಕ್ಯಾಪಿಟಲ್. ಕೆರೆ ಎಂದರೆ ಚಿಕ್ಕದು, ಕುಣಿಗಲ್ ದೊಡ್ಡಕೆರೆ ಎಂದರೆ ಎರಡು ಮಾತಿಗೂ ಕ್ಯಾಪಿಟಲ್. ಯಾವುದೋ ಒಂದು ಊರು, ಒಬ್ಬ ಹುಡುಗಿ, ಒಂದು ಬೀದಿ, ಇವಕ್ಕೆಲ್ಲ ಚಿಕ್ಕದು. ಅದಕ್ಕೇ ಆದ ಹೆಸರು ಬಂತೋ, ದೊಡ್ಡದು. ಮಕ್ಕಳಿಗೆ ಇದು ಆಟದ ಹಾಗೆ. ಅವರವರ ಹೆಸರಿನ ಮೊದಲ ಅಕ್ಷರವನ್ನು ಸಾಲು ಮೀರುವಷ್ಟು ಉದ್ದ ಬರೆದು ಸಂಭ್ರಮಪಟ್ಟರು. ಆಮೇಲೆ ‘ನಮ್ಮ ಊರು’ ಎಂದು ನಾಲ್ಕು ವಾಕ್ಯ ಬರೆಯಲು ಹೇಳಿದೆ.

ಮಧುಶ್ರೀ ಗೊತ್ತಲ್ಲ ನಿನಗೆ, ನಮ್ಮ ತೋಟದಲ್ಲಿ ಕಾಯಿ ಕೀಳುವ, ಸುಲಿಯುವ ಜುಂಜಪ್ಪನ ಮಗಳು. ಸಣ್ಣವಳಿದ್ದಾಗ ಅವನ ಹಿಂದೆಯೇ ಬಂದು ನಿನ್ನ ಹತ್ತಿರ ಬೆಲ್ಲ ಕೇಳುತ್ತಿದ್ದಳು. ಓದುವುದರಲ್ಲಿ ಚುರುಕು. ಅವಳು ‘ನಮ್ಮ ಮನೆ ಕಾಲೋನಿಯಲ್ಲಿದೆ’ ಎಂದು ಬರೆದು ಕಾಲೋನಿಗೆ ಕ್ಯಾಪಿಟಲ್ ಹಾಕಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಚಿಕ್ಕದು ಮಾಡಿದೆ. ಅವಳು ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. “ಮಿಸ್, ಗೌಡ್ರ ಬೀದಿಗೆ ಎಲ್ರೂ ಕ್ಯಾಪಿಟಲ್ ಹಾಕವ್ರೆ, ನೀವು ರೈಟ್ ಹಾಕಿದೀರಿ. ನಮ್ದಕ್ಕೆ ಯಾಕೆ ತಪ್ಪು?” ಅಂದಳು. ಗೌಡರ ಬೀದಿ ಎಂಬುದು ಒಂದೇ ಒಂದು ಬೀದಿಯ ಹೆಸರು, ಕಾಲೋನಿ ಹೆಸರಲ್ಲ, ಎಲ್ಲ ಊರಲ್ಲೂ ಅಂಥ ಜಾಗಕ್ಕೆ ಹಾಗೆ ಅನ್ನುತ್ತಾರೆ ಎಂದೆ. ಪಾಠದ ಮಟ್ಟಿಗೆ ಅದು ಸರಿಯಾದ ಉತ್ತರವೇ. ಅವಳು ಅಲ್ಲೇ ನಿಂತಿದ್ದು, “ಹಂಗಾದ್ರೆ ನಮ್ಮ ಜಾಗಕ್ಕೆ ಹೆಸರೇ ಇಲ್ವಾ ಮಿಸ್?” ಅಂದಳು. ಕ್ಲಾಸಿನಲ್ಲಿ ಯಾರೋ ಕಿಸಕ್ಕೆಂದರು. ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬಾ, ಹೆಸರಿದ್ದರೆ ಖಂಡಿತ ಕ್ಯಾಪಿಟಲ್ ಹಾಕೋಣ ಎಂದು ಕಳಿಸಿದೆ.

ಮಾರನೆಯ ದಿನ ಅವಳ ವಾಕ್ಯ ಬದಲಾಗಿತ್ತು. ‘ನಮ್ಮ ಮನೆ ಹೊಂಗೆ ದಿಣ್ಣೆಯಲ್ಲಿದೆ.’ ಎರಡು ಮಾತಿಗೂ ನೆಟ್ಟಗೆ ಕ್ಯಾಪಿಟಲ್. ಅಮ್ಮಾ, ನಮ್ಮ ಮನೆಯಲ್ಲಿ ಹೊಂಗೆದಿಣ್ಣೆ ಎಂದರೆ ತೋಟ. ‘ಹೊಂಗೆದಿಣ್ಣೆಗೆ ಹೋಗಿ ನಾಲ್ಕು ಎಳನೀರು ಕೀಳಿಸಿಕೊಂಡು ಬಾ’ ಎಂದು ನೀನು ನನ್ನನ್ನು ಎಷ್ಟು ಸಲ ಅಟ್ಟಿದ್ದೀಯ. ಆ ಹೆಸರು ಇನ್ನೊಬ್ಬರದೂ ಆಗಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಸಂಜೆ ಸ್ಕೂಲು ಬಿಟ್ಟ ಮೇಲೆ ಅವಳ ಜೊತೆಗೇ ಅವರ ಮನೆಗೆ ಹೋದೆ. ಅವಳ ತಾತ ಕಾಳಯ್ಯ ಜಗಲಿಯ ಮೇಲೆ ಹುರಿ ಹೊಸೆಯುತ್ತ ಕೂತಿದ್ದ. ನನ್ನನ್ನು ಕಂಡು ಏಳಲು ಹೋದವನನ್ನು ಕೂರಿಸಿ ಕೇಳಿದೆ. “ದಿಟ ಕಣವ್ವಾ. ನಮ್ ಗುಡ್ಲುಗಳೆಲ್ಲ ಆ ದಿಣ್ಣೆ ಮ್ಯಾಗೇ ಇದ್ವು. ನಾನು ಉಟ್ಟಿದ್ದೂ ಅಲ್ಲೇಯ. ಸರ್ಕಾರದೋರು ಕೆರೆ ಕೋಡಿ ತಾವ ಜನತಾ ಮನೆ ಕಟ್ಟಿಕೊಟ್ರು, ಇಳ್ಕಂಡು ಬಂದೋ. ಆಮ್ಯಾಕೆ ದಿಣ್ಣೆ ಪಟ್ಟಣದೋರ್ ಯಾರ್ದೋ ಕೈಗೆ ಹೋಗಿ, ಅವ್ರ್ ತಾವ ನಿಮ್ಮಪ್ಪಾರು ಕೊಂಡ್ಕಂಡ್ರು. ಜಾಗದ್ ಜೊತೆ ಹೆಸ್ರೂ ಮ್ಯಾಲೇ ಉಳ್ಕಂತು. ನಾವು ಕಾಲೋನಿಯೋರಾದೋ.” ಹೀಗೆ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು, ಹೋಯಿತು ಅನ್ನುವ ಹಾಗೆ ಹೇಳಿದ. ಅವರ ಮನೆಯವರು ತಮ್ಮ ತಮ್ಮಲ್ಲಿ ಈಗಲೂ ‘ದಿಣ್ಣೆಯೋರು’ ಎಂದೇ ಕರೆದುಕೊಳ್ಳುತ್ತಾರಂತೆ. ನಮಗೆ ಕೇಳಿಸುವಂತೆ ಅನ್ನುವುದಿಲ್ಲ, ಅಷ್ಟೆ.

ನಾನು ಮಧುಶ್ರೀಯ ವಾಕ್ಯಕ್ಕೆ ರೈಟ್ ಹಾಕಿದೆ. ಮತ್ತೇನು ಮಾಡಬೇಕಿತ್ತು ಹೇಳು. ವಾರದಲ್ಲಿ ಅವರ ಬೀದಿಯ ಮಕ್ಕಳೆಲ್ಲ ಹಾಗೇ ಬರೆದರು. ಅಷ್ಟಕ್ಕೇ ನಿಂತಿದ್ದರೆ ಪುಸ್ತಕದೊಳಗೇ ಮುಗಿದುಹೋಗುತ್ತಿತ್ತೋ ಏನೋ. ಸ್ವಾತಂತ್ರ್ಯ ದಿನಕ್ಕೆ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸುವಾಗ ಹೆಡ್‌ಮಾಸ್ಟರ್ ರಾಮಾಂಜಿನಯ್ಯನವರೇ, ‘ಊರಿನ ನಕ್ಷೆ ಬರೆಸಿ ಮೇಡಂ, ಕನ್ನಡ ಇಂಗ್ಲಿಷ್ ಎರಡರಲ್ಲೂ, ಮಕ್ಕಳಿಗೆ ಉಪಯೋಗ ಆಗುತ್ತೆ’ ಅಂದರು. ಮಕ್ಕಳು ನಕ್ಷೆ ಹಾಕಿದರು, ಕುಣಿಗಲ್ಲಿನಿಂದ ಬಂದ ಪೇಂಟರು ಅದನ್ನು ಗೋಡೆಗೆ ಏರಿಸಿದ. ಕೆರೆ, ಡೈರಿ, ದೇವಸ್ಥಾನದ ಬೀದಿ, ಗೌಡರ ಬೀದಿ, ಕೋಡಿಯ ಪಕ್ಕದಲ್ಲಿ ಹೊಂಗೆ ದಿಣ್ಣೆ. ಮಧುಶ್ರೀ ಕೆಳಗೆ ನಿಂತು ಪೇಂಟರಿಗೆ ಒಂದೊಂದೇ ಅಕ್ಷರ ಹೇಳುತ್ತಿದ್ದಳು.

ಬಾವುಟ ಹಾರಿಸಿದ ದಿನ ಅಪ್ಪನೂ ಬಂದಿದ್ದರು. ಗೋಡೆ ನೋಡಿ ಮುಂದೆ ನಡೆದರು. ನಾನು ಪಕ್ಕದಲ್ಲೇ ಇದ್ದೆ. ಅಷ್ಟರಲ್ಲಿ ಹಾಲಿನ ಡೈರಿಯವರ ಗುಂಪಿನಲ್ಲಿದ್ದ ಒಬ್ಬರು, “ಏನ್ ದೊಡ್ಡರಂಗಯ್ಯೋರೆ, ನಿಮ್ ತೋಟನೆಲ್ಲ ಮಗಳು ಕಾಲೋನಿಯೋರಿಗೆ ಬರ್ಕೊಟ್ಟವ್ಳಲ್ಲ!” ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಆದರೆ ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ, “ಅದನ್ನ ಅಳಿಸ್ಬುಡು” ಅಂದರು. ಯಾಕಪ್ಪ ಅಂದೆ. “ಇವತ್ತು ಹೆಸ್ರು ನಮ್ದು ಅಂತಾರೆ, ನಾಳೆ ಜಾಗ ನಮ್ದು ಅಂತಾರೆ. ನಿಂಗೆ ಇಂಗ್ಲಿಷ್ ಗೊತ್ತು ಕಣವ್ವ, ಊರು ಗೊತ್ತಿಲ್ಲ.” ನಾನು ಕಾಳಯ್ಯ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಅಲ್ಲಿದ್ದದ್ದು ಸುಳ್ಳೇ ಎಂದು ಕೇಳಿದೆ. ಸುಳ್ಳು ಅನ್ನಲಿಲ್ಲ ಅಪ್ಪ. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದುಹೋದರು.

ಅಳಿಸಲಿಲ್ಲ ನಾನು. ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹೋದರೆ ಗೋಡೆಯ ಮೇಲೆ ಆ ಎರಡು ಮಾತಿಗೆ ಟಾರು ಮೆತ್ತಿತ್ತು. ಕನ್ನಡದ್ದಕ್ಕೂ, ಇಂಗ್ಲಿಷಿನದಕ್ಕೂ. ಮಕ್ಕಳು ಸುತ್ತ ನಿಂತಿದ್ದರು. ಮಧುಶ್ರೀ ಬೆರಳಿನಿಂದ ಒರೆಸಲು ನೋಡಿ ಕೈಯೆಲ್ಲ ಕಪ್ಪು ಮಾಡಿಕೊಂಡಿದ್ದಳು. ಅವಳನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ ತೊಳೆದೆ. ಯಾರು ಮಾಡಿದರು ಎಂದು ಅವಳು ಕೇಳಲಿಲ್ಲ. ಮನೆಗೆ ಬಂದು ನಾನು ಕೇಳಿದೆ. “ನಾನೇ ಬಳಿಸ್ದೆ. ಕದ್ದು ಮಾಡೋನಲ್ಲ ನಾನು, ಹಗಲೇ ಆಳು ಕಳ್ಸಿ ಬಳಿಸಿದೀನಿ” ಅಂದರು ಅಪ್ಪ. ಭಾನುವಾರ, ಸ್ಕೂಲು ರಜೆಯಿದ್ದಾಗ. ಅದರ ಜೊತೆಗೇ ಜುಂಜಪ್ಪನಿಗೆ ಇನ್ನು ತೋಟಕ್ಕೆ ಬರಬೇಡ ಎಂದೂ ಹೇಳಿ ಕಳಿಸಿದ್ದರು. ಅವನ ತಪ್ಪೇನಪ್ಪ ಅಂದರೆ, ಮಗಳನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಲಿಲ್ಲ ಅಂದರು. ಅದು ಜುಂಜಪ್ಪನಿಗೆ ಹೇಳಿದ ಮಾತೋ ತಮಗೇ ಹೇಳಿಕೊಂಡದ್ದೋ ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ಮಧುಶ್ರೀ ಸ್ಕೂಲಿಗೆ ಬರಲಿಲ್ಲ. ಹೆಬ್ಬೂರಿನಲ್ಲಿ ಅವಳ ಸೋದರತ್ತೆಯ ಮನೆಗೆ ಕಳಿಸಿದ್ದಾರೆ, ಅಲ್ಲಿ ಹಸು ನೋಡಿಕೊಳ್ಳಲು ಆಗುತ್ತೆ, ಓದು ಸಾಕು ಅಂದರಂತೆ ಎಂದು ಅವಳ ಗೆಳತಿ ಹೇಳಿದಳು. ಹೋದ ಭಾನುವಾರ ಕುಣಿಗಲ್ಲಿಗೆ ಹೋಗಿ ಅಲ್ಲಿಂದ ತುಮಕೂರು ಬಸ್ ಹತ್ತಿ ಹೆಬ್ಬೂರಿನಲ್ಲಿ ಇಳಿದೆ. ಅಪ್ಪನಿಗೆ ಹೇಳಿಯೇ ಹೋದೆ, ಅವರು ಪೇಪರ್ ಮಡಚಲಿಲ್ಲ. ಹುಡುಗಿ ಕೊಟ್ಟಿಗೆ ಬಾಚುತ್ತಿದ್ದಳು. ನನ್ನನ್ನು ನೋಡಿ ಓಡಿಬಂದಳು. ಹತ್ತಿರ ಬಂದವಳಿಗೆ ಕೈ ಗಲೀಜೆಂದು ನೆನಪಾಗಿ ಹಿಂದಕ್ಕೆ ಸರಿದಳು. ಬಾ, ಸೋಮವಾರದಿಂದ ಸ್ಕೂಲಿಗೆ ಬಾ ಅಂದೆ. ಅವಳು ತಲೆ ಬಗ್ಗಿಸಿಕೊಂಡೇ ಹೇಳಿದ ಮಾತನ್ನು ಇದ್ದಂತೆ ಬರೆಯುತ್ತೇನೆ, ನೀನು ಓದಬೇಕು. “ಮಿಸ್, ನಾನು ಕಾಲೋನಿ ಅಂತಲೇ ಬರೀತೀನಿ. ಸ್ಮಾಲ್ ಲೆಟ್ರಲ್ಲೇ ಬರೀತೀನಿ. ನಮ್ಮಪ್ಪನ್ನ ತ್ವಾಟಕ್ಕೆ ಕರೀರಿ ಅಂತ ನಿಮ್ಮಪ್ಪಾರಿಗೆ ಹೇಳಿ ಮಿಸ್.”

ಅಮ್ಮಾ, ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ಮಗು ತಾನು ಸರಿಯಾಗಿ ಕಲಿತದ್ದನ್ನು ತಪ್ಪು ಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡದ್ದು ಇದೇ ಮೊದಲು. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ.

ಮನೆಗೆ ಬಂದು ಅಪ್ಪನ ಮುಂದೆ ಆ ಮಾತನ್ನು ಹಾಗೇ ಹೇಳಿದೆ. ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕುಣಿಗಲ್ಲಿಗೆ ಇಂಗ್ಲಿಷ್ ಟ್ಯೂಷನ್ನಿಗೆ ಬಿಡುತ್ತಿದ್ದವರು ಇವರೇ ತಾನೆ, ಮಳೆ ಬಂದರೆ ತಮ್ಮ ಟವೆಲನ್ನು ನನ್ನ ತಲೆಗೆ ಹಾಕುತ್ತಿದ್ದವರು. ಕರಗುತ್ತಾರೆ ಅಂದುಕೊಂಡೆ. ಒಂದಿಷ್ಟು ಕರಗಿದರು ಕೂಡ. “ಸರಿ. ಜುಂಜಪ್ಪ ಬರ್ಲಿ, ಮಗು ಓದ್ಲಿ. ಬೇಕಾದ್ರೆ ಪುಸ್ತಕ ಕೊಡಿಸ್ತೀನಿ. ಆದ್ರೆ ಗ್ವಾಡೆ ಮ್ಯಾಲೆ ಕಾಲೋನಿ ಅಂತ ಬರೀಬೇಕು, ನೀನೇ ನಿಂತು ಬರೆಸ್ಬೇಕು” ಅಂದರು. ಮಾರನೆಯ ದಿನ ಹೆಡ್‌ಮಾಸ್ಟರೂ ಅದನ್ನೇ ಅಂದರು. ಪಾಪ, ಅವರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಊರಿನವರ ಜೊತೆ ಜಗಳ ಬೇಡ ಅವರಿಗೆ. “ಒಂದು ಅಕ್ಷರದ ವಿಷಯ ಮೇಡಂ. ಮಗು ವಾಪಸ್ ಬಂದ್ರೆ ಸಾಕಲ್ವಾ?” ಅಂದರು. ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಸಾಕು ಅನ್ನಿಸಿತು. ಆಮೇಲೆ, ಒಪ್ಪಿಕೊಳ್ಳಲು ಆ ಹೆಸರು ನನ್ನದಲ್ಲವಲ್ಲ ಅನ್ನಿಸಿತು. ಯಾರದೋ ಅವರನ್ನೇ ಕೇಳಬೇಕು.

ಬುಧವಾರ ಸಂಜೆ ಕಾಳಯ್ಯನ ಮನೆಗೆ ಹೋದೆ. ಜುಂಜಪ್ಪನೂ ಇದ್ದ, ನನ್ನ ಮುಖ ನೋಡಲಿಲ್ಲ, ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪ ಹೇಳಿದ್ದನ್ನು ಏನೂ ಬಿಡದೆ ಹೇಳಿದೆ. ಕಾಳಯ್ಯ ಕೇಳಿಸಿಕೊಂಡು, “ಟೀಚ್ರವ್ವಾ, ನಾವು ಭೂಮಿ ಕೇಳಿದ್ವಾ? ಒಂದು ಮರ ಕೇಳಿದ್ವಾ? ಹೆಸ್ರು ನಂದು ಅಂತ ಕೇಳಿದ್ದೂ ನಾವಲ್ಲ, ಆ ಮಗು” ಅಂದ. ಆಮೇಲೆ ಜುಂಜಪ್ಪನ ಕಡೆ ತಿರುಗಿ, “ನೀನೇನಂತೀಯಲಾ?” ಅಂದ. ಜುಂಜಪ್ಪ ಬಾಯಿ ಬಿಟ್ಟದ್ದು ಆಗಲೇ. “ನನ್ ಕೆಲ್ಸಕ್ಕೆ ಅಂತ ಅವ್ಳು ಬರ್ದಿದ್ದ ಅಳಿಸಿದ್ರೆ, ನಾಳೆ ಅವ್ಳು ನನ್ನ ಅಪ್ಪ ಅಂತ ಹೆಂಗ್ ಕರೀತಾಳೆ? ಕುಣಿಗಲ್ ಕಡೆ ಸುಲಿಯಾಕೆ ಕರ್ದವ್ರೆ, ಹೋಯ್ತೀನಿ.” ದೂರ, ಬಸ್ಸಿಗೇ ಅರ್ಧ ಕೂಲಿ ಹೋಗುತ್ತದೆ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಅವನ ಹೆಂಡತಿ ಒಳಗಿನಿಂದ ಲೋಟದಲ್ಲಿ ಕಾಫಿ ತಂದು ನನ್ನ ಪಕ್ಕ ಇಟ್ಟಳು. ಕುಡಿದೆ. ಹೇಳಿಕೊಳ್ಳುವಂಥದ್ದೇನಲ್ಲ, ಊರಲ್ಲಿ ಯಾರಾದರೂ ನಿನ್ನ ಕಿವಿಗೆ ಇದನ್ನೂ ಹಾಕುತ್ತಾರೆ, ಅದಕ್ಕೇ ಬರೆದೆ.

ಗುರುವಾರ ಕಾಳಯ್ಯನೇ ಹೆಬ್ಬೂರಿಗೆ ಹೋಗಿ ಮೊಮ್ಮಗಳನ್ನು ಕರೆತಂದ. ಶುಕ್ರವಾರ ಅವಳು ಎಂದಿನ ಬೆಂಚಿನಲ್ಲೇ ಕೂತಿದ್ದಳು. ನಾನು ಹೆಡ್‌ಮಾಸ್ಟರಿಗೆ, ಗೋಡೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆಸುವುದು ನನ್ನ ಕೈಯಲ್ಲಾಗದು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅತಿಥಿ ಶಿಕ್ಷಕಿ ತಾನೆ, ಬೇಡವೆಂದರೆ ಕಾರಣ ಕೊಡಬೇಕಾಗಿಲ್ಲ. ದಸರಾ ರಜೆ ಕಳೆದ ಮೇಲೆ ಬೇರೆಯವರನ್ನು ತೆಗೆದುಕೊಳ್ಳಬೇಕೆಂದು ಊರಿನ ಕಮಿಟಿಯವರು ಕೂತು ಮಾತಾಡಿದ್ದಾರಂತೆ. “ನಾನು ಬೇಡ ಅಂದೆ ಮೇಡಂ, ಗಟ್ಟಿಯಾಗಿ ಅನ್ನಕ್ಕಾಗ್ಲಿಲ್ಲ” ಅಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ತುಮಕೂರಿನ ಬಟವಾಡಿಯಲ್ಲಿ ಒಂದು ಖಾಸಗಿ ಸ್ಕೂಲಿನವರು ಇಂಗ್ಲಿಷಿಗೆ ಜನ ಹುಡುಕುತ್ತಿದ್ದಾರೆ, ವಿಚಾರಿಸಿದ್ದೇನೆ. ಸಿಕ್ಕರೆ ಅಲ್ಲೇ ರೂಮು ಮಾಡಬೇಕಾದೀತು. ಅದಕ್ಕಾಗಿ ನೀನು ಅಳಬೇಡ.

ನಿನ್ನೆ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಕೋಡಿಯ ದಾರಿಯಲ್ಲಿ ಬಂದೆ. ಅವರ ಬೀದಿ ಶುರುವಾಗುವ ಕಡೆ ಕಾಳಯ್ಯನ ಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅದರ ಮೇಲೆ ನೀಲಿ ಬಣ್ಣದಲ್ಲಿ ಕನ್ನಡದಲ್ಲೊಂದು ಸಾಲು, ಇಂಗ್ಲಿಷಿನಲ್ಲೊಂದು ಸಾಲು: ಹೊಂಗೆ ದಿಣ್ಣೆ. ಸ್ಕೂಲಿನ ಗೋಡೆ ಊರಿನದು, ಈ ಗೋಡೆ ನಮ್ಮದು ಎಂದು ಅವರವರೇ ಮಾತಾಡಿಕೊಂಡು ಬರೆದದ್ದಂತೆ. ಇಂಗ್ಲಿಷಿನದನ್ನು ಮಧುಶ್ರೀ ಬರೆದಿದ್ದಳು. ಮೊದಲ ಅಕ್ಷರ ಒಂದೇ ಅಲ್ಲ ಅಮ್ಮಾ, ಅಷ್ಟೂ ಅಕ್ಷರ ಕ್ಯಾಪಿಟಲ್! ನನ್ನನ್ನು ಕಂಡು ಬ್ರಷ್ ಹಿಡಿದುಕೊಂಡೇ, “ಸರಿಗೈತಾ ಮಿಸ್?” ಅಂದಳು. ನಾನು ಕಲಿಸಿದ ನಿಯಮ ಅದಲ್ಲ. ಚೆನ್ನಾಗಿದೆ ಕಣೇ ಅಂದು, ಸ್ವಲ್ಪ ಹೊತ್ತು ಅಲ್ಲೇ ನಿಂತು ಮನೆಗೆ ಬಂದೆ.

ಅಪ್ಪನೂ ಅದನ್ನು ನೋಡಿದ್ದಾರೆ. ಬೇರೆಯವರ ಮನೆ ಗೋಡೆಗೆ ಆಳು ಕಳಿಸುವ ಮನುಷ್ಯರಲ್ಲ ಅವರು. ಆದರೆ ಸ್ಕೂಲಿನ ಗೋಡೆಗೆ ಕಾಲೋನಿ ಎಂದು ಬರೆಸುವುದಿಲ್ಲ ಎಂದು ನಾನು ಹೇಳಿದಂದಿನಿಂದ ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ಅವರ ಚೊಂಬಿಗೆ ಬಿಸಿನೀರು ತುಂಬಿಸಿಟ್ಟರೆ, ಅದನ್ನು ಬಿಟ್ಟು ತಣ್ಣೀರು ಕುಡಿದು ಹೊರಡುತ್ತಾರೆ. ಅವರೂ ನೆಮ್ಮದಿಯಾಗಿಲ್ಲ, ಸೊರಗಿದ್ದಾರೆ. ಅವರಿಗೆ ನೋವಾದದ್ದು ನನಗೆ ಗೊತ್ತಿಲ್ಲವೆಂದಲ್ಲ, ಅದಕ್ಕೆ ಮದ್ದು ನನ್ನ ಹತ್ತಿರ ಇಲ್ಲ.

ಅಕ್ಕನಿಗೆ ಹೆಚ್ಚು ಹೇಳಬೇಡ, ಹಸಿ ಬಾಣಂತಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಭಾವನಿಗೂ ಅವರ ಅಮ್ಮನಿಗೂ ನನ್ನ ನಮಸ್ಕಾರ. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ನೀನು ಮಂಡಿಗೆ ಬೆಲ್ಟ್ ಹಾಕಿಕೊಂಡೇ ಓಡಾಡು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಕಿರಿಮಗಳು,
ಹೇಮಶ್ರೀ

ತಾ.ಕ. ಕವರ್ ಅಂಟಿಸಲು ಹೋಗಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಕೇಳದಿದ್ದರೆ ಇಷ್ಟುದ್ದ ಬರೆದದ್ದೂ ದಂಡ. ಅಮ್ಮಾ, ತೋಟ ಇರುವುದು ನಿನ್ನ ಹೆಸರಿನಲ್ಲಿ. ನಿನ್ನ ತವರಿನ ಒಡವೆ ಮಾರಿ ಕೊಂಡದ್ದು, ಅದಕ್ಕೇ ಅಪ್ಪನೇ ನಿನ್ನ ಹೆಸರಿಗೆ ಮಾಡಿಸಿದರು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಅಲ್ಲಿ ಯಾರು ಕೆಲಸ ಮಾಡಬೇಕು, ಯಾರು ಬಿಡಬೇಕು ಎಂದು ನಿನ್ನನ್ನು ಯಾರೂ ಒಂದು ದಿನವೂ ಕೇಳಿದವರಲ್ಲ. ಕಾಯಿ ಕೀಳುವ ಹೊತ್ತು ಬಂದಿದೆ, ಅಪ್ಪ ಬೇರೆ ಆಳು ಹುಡುಕುತ್ತಿದ್ದಾರೆ. ಜುಂಜಪ್ಪ ಬರಲಿ ಅನ್ನುತ್ತೀಯೋ, ಬೇಡ ಅನ್ನುತ್ತೀಯೋ, ಅದು ನಿನ್ನ ಮಾತು. ಬೇಡವೆಂದರೂ ನಾನು ನಿನ್ನ ಮಗಳೇ. ಆದರೆ ಏನೇ ಆಗಲಿ, ಅಪ್ಪನಿಗೆ ನೀನೇ ಹೇಳು.